ತಳಕ್ಕೆ ಧೂಳಿಲ್ಲದ ಚಪ್ಪಲಿ

ಪ್ರತಿ ತಿಂಗಳ ಮೊದಲ ಭಾನುವಾರ ಧಾರವಾಡದ ವಾಚನಾಲಯದಲ್ಲಿ ಕೋಡಿಂಗ್ ಬಳಗ ಸೇರಿದಾಗ, ಅದನ್ನು ನಡೆಸುವ ನೀಲಾಂಬಿಕಾ ಮೊದಲು ಎಣಿಸುತ್ತಿದ್ದುದು ತಲೆಗಳನ್ನಲ್ಲ, ಬಾಗಿಲಾಚೆಯ ಚಪ್ಪಲಿಗಳನ್ನು. ಮನೆಯಲ್ಲಿ ಕಾಲು ಚಾಚಿಕೊಂಡು ಥೇಟ್ ತಮ್ಮಂತೆಯೇ ಕಾಣುವ ಯಂತ್ರದ ಪಡಿಯಚ್ಚನ್ನು ಸಭೆಗೆ ಕಳಿಸುವುದು ಜನರಿಗೆ ಮಾಮೂಲಾಗಿತ್ತು. ಪಡಿಯಚ್ಚುಗಳು ನಗುತ್ತವೆ, ಪ್ರಶ್ನೆ ಕೇಳುತ್ತವೆ, ಚಹಾ ಕೂಡ ಹೀರುತ್ತವೆ. ವ್ಯಾನು ಬಾಗಿಲಿಗೇ ತಂದಿಳಿಸುವುದರಿಂದ ಚಪ್ಪಲಿ ಮಾತ್ರ ಹಾಕಿರುವುದಿಲ್ಲ.

ಇಂದು ಒಳಗೆ ಇಪ್ಪತ್ತೆರಡು ಜನ, ಹೊರಗೆ ಅವಳದನ್ನು ಬಿಟ್ಟು ಇಪ್ಪತ್ತೆರಡು ಜೊತೆ. ಅವಳಿಗೆ ಸಂತೋಷವಾಗಲಿಲ್ಲ, ಗುಮಾನಿ ಬಂತು. ಬಗ್ಗಿ ಒಂದೊಂದನ್ನೇ ಮಗುಚಿ ನೋಡಿದಳು. ಇಪ್ಪತ್ತೊಂದು ಜೊತೆಯ ತಳಕ್ಕೆ ಧೂಳೇ ಸೋಕಿರಲಿಲ್ಲ. ಅಂದರೆ ಈಗ ಚಪ್ಪಲಿಯನ್ನೂ ತೊಡಿಸಿ ಕಳಿಸುತ್ತಿದ್ದಾರೆ. ಕೊನೆಯ ಜೊತೆ ಮಾತ್ರ ಹಿಮ್ಮಡಿಯಲ್ಲಿ ಸವೆದಿತ್ತು, ಹರಿದ ಪಟ್ಟಿಗೆ ಪಿನ್ನು ಹಾಕಿತ್ತು.

ಅದನ್ನು ಹಿಡಿದುಕೊಂಡೇ ಒಳಗೆ ಹೋದಳು. "ಇದು ಯಾರದ್ರಿ?"

ಇಪ್ಪತ್ತೊಂದು ಕೈಗಳು ಒಟ್ಟಿಗೆ ಎದ್ದವು. ಕಿಟಕಿ ಬಳಿಯಿದ್ದ ನಿವೃತ್ತ ಮಾಸ್ತರು ರಾಚಯ್ಯ ಮಾತ್ರ ಕೈ ಎತ್ತದೆ ಎದ್ದು ಬಂದು ಚಪ್ಪಲಿ ಇಸಿದುಕೊಂಡರು.

"ನೀವೊಬ್ಬರಾದ್ರೂ ಬಂದ್ರಲ್ಲ ಸರ," ಎಂದಳು ನೀಲಾಂಬಿಕಾ. "ಕುಂದರ್ರಿ, ನಾವಿಬ್ಬರ ಮಾತಾಡೋಣು."

"ನೀವು ಬಿಟ್ಟ ಚಪ್ಪಲಿ ನಾನೂ ಮಗುಚಿ ನೋಡೀನ್ರಿ," ಎಂದರು ರಾಚಯ್ಯ. "ಅದರ ತಳಕ್ಕೂ ಧೂಳಿಲ್ಲ."

ಇವತ್ತಿನ ಸಭೆಗೆಂದೇ ನಿನ್ನೆ ಹೊಸದು ಕೊಂಡದ್ದು, ಮೆಟ್ಟಿಲ ತನಕ ಆಟೋದಲ್ಲಿ ಬಂದದ್ದು, ಎಲ್ಲವನ್ನೂ ಅವಳು ಹೇಳಿದಳು. ಪಡಿಯಚ್ಚುಗಳೂ ಹೀಗೇ ಹೇಳುತ್ತವೆ ಎಂಬಂತೆ ತಲೆಯಾಡಿಸಿ, ರಾಚಯ್ಯ ಪಿನ್ನಿನ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಇಪ್ಪತ್ತೊಂದು ಕೈಗಳು ಇನ್ನೂ ಎದ್ದೇ ಇದ್ದವು.