ಮಾತು ಕೊಡುವವಳು

ಮದುವೆಯಾದ ಹೊಸತರಲ್ಲಿ ಗಂಡ ಅವಳಿಗೊಂದು ಮಾತು ಕೊಟ್ಟಿದ್ದ: ನೀನು ಬರೆದದ್ದನ್ನ ಇದೇ ಸ್ಟೇಜ್ ಮೇಲೆ ಆಡಿಸ್ತೀನಿ, ನೋಡ್ತಿರು. ಆಮೇಲೆ ಮಗಳು ಹುಟ್ಟಿದಳು, ಶಾಲೆ ಸೇರಿದಳು, ಅವನ ಹೊಟ್ಟೆ ರಾಜನ ಪಾತ್ರಕ್ಕೆ ತಕ್ಕಷ್ಟು ಬೆಳೆಯಿತು. ಮಾತು ಮಾತ್ರ ಇದ್ದಲ್ಲೇ ಇತ್ತು. ಈಗಂತೂ ಕೇಳುವ ಹಾಗೂ ಇರಲಿಲ್ಲ. ಅವನು ಮಾತು ಮರೆಯತೊಡಗಿದ್ದ.

ನಾಟಕ ಕಂಪನಿಯಲ್ಲಿ ಅವನು ರಾಜ. ಅವಳು ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು, ನಟರು ತಡವರಿಸಿದಾಗ ಪಿಸುದನಿಯಲ್ಲಿ ಮಾತು ಕೊಡುವವಳು. ಆಡುವುದು ಒಂದೇ ನಾಟಕ, ಮುತ್ತಜ್ಜನ ಕಾಲದ್ದು, ಎಲ್ಲರೂ ಅಳಲೆಂದೇ ಬರೆದದ್ದು. ಸಂಶಯ ಹೊಕ್ಕ ರಾಜ ಕೊನೆಯ ಅಂಕದಲ್ಲಿ ರಾಣಿಗೆ ವಿಷದ ಬಟ್ಟಲು ಚಾಚಿ 'ಕುಡಿ' ಎನ್ನುತ್ತಾನೆ. ರಾಣಿ ಕುಡಿದು, ಉದ್ದನೆಯ ಹಾಡು ಹಾಡಿ, ಸಾಯುತ್ತಾಳೆ. ವಿಷ ಕುಡಿದವಳಿಗೆ ಅಷ್ಟು ಉಸಿರು ಎಲ್ಲಿಂದ ಬರುತ್ತೆ ಎಂದು ಅವಳು ಮನೆಯಲ್ಲಿ ಪಾತ್ರೆ ತೊಳೆಯುತ್ತ ಗೊಣಗುವುದಿತ್ತು. ನಾನು ಬರೆದಿದ್ದರೆ ಹೀಗಿರುತ್ತಿತ್ತು, ಹಾಗಿರುತ್ತಿತ್ತು ಎಂದು ನಲ್ಲಿಯ ಮುಂದೆ ಹೇಳಿಕೊಳ್ಳುತ್ತಿದ್ದಳು. ಗಂಡ ಪಕ್ಕದಲ್ಲಿ ತಟ್ಟೆ ಒರೆಸುತ್ತ ಹೂಂಗುಟ್ಟುತ್ತಿದ್ದ.

ಮೊದಲ ಸಲ ಅವನು ತಡವರಿಸಿದ್ದು ಸಿಂಹಾಸನದ ಮೇಲೆ. 'ನನ್ನ ಆಜ್ಞೆಯೇ ಶಾಸನ' ಎನ್ನಬೇಕು. ಅನ್ನಲಿಲ್ಲ. ಅವಳು ಮಾತು ಕೊಟ್ಟಳು, ಮತ್ತೆ ಕೊಟ್ಟಳು. ಕಿವಿಗೇ ಬೀಳದಂತೆ ಮೀಸೆ ತಿರುವುತ್ತ ಕೂತ. ಪ್ರೇಕ್ಷಕರಲ್ಲಿ ಕೆಮ್ಮು ಶುರುವಾಯಿತು. ಗಾಬರಿಯಲ್ಲಿ ಅವಳ ನಾಲಿಗೆ ಜಾರಿತು: "ನನ್ನ ಆಜ್ಞೆ ಅರಮನೆ ಬೆಕ್ಕೂ ಕೇಳಲ್ಲ, ಮಂತ್ರಿ." ಅಷ್ಟು ಬಿದ್ದದ್ದೇ ತಡ, ಅವನು ಅದನ್ನೇ ಗುಡುಗಿದ. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಂತ್ರಿ ಗಡ್ಡದೊಳಗೆ ಮುಖ ಹುದುಗಿಸಿದ.

ಅಲ್ಲಿಂದ ದಿನಕ್ಕೊಂದು. ಗಡೀಪಾರಾಗಬೇಕಿದ್ದ ಸೇನಾಪತಿಗೆ ರಾಜ "ಹೋಗು, ಆದರೆ ಊಟ ಮಾಡಿಕೊಂಡು ಹೋಗು" ಎಂದ. ಬೇರೆ ದಾರಿ ಕಾಣದೆ ಸೇನಾಪತಿ ಚಕ್ಕಳಮಕ್ಕಳ ಹಾಕಿ ಕೂತ. ಅಸಲು ಮಾತು ಕೊಟ್ಟರೆ ರಾಜ ಕಲ್ಲು, ಅವಳದು ಕೊಟ್ಟರೆ ಬಾಯಿಗೆ ಸಕ್ಕರೆ. ಹಳೆಯದು ಸವೆದುಹೋಗಿದೆ, ಹೊಸದಷ್ಟೇ ಹಿಡಿಯುತ್ತೆ ಎಂದುಕೊಂಡಳು. ಮಗಳ ಶೂ ಅಳತೆ, ಸೋದರತ್ತೆಯ ಆಪರೇಷನ್ನುಗಳ ಇತಿಹಾಸ ಅವನಿಗೆ ಅರಳು ಹುರಿದಂತೆ ಬರುತ್ತಿತ್ತು. ಅದು ಅವಳಿಗೆ ಸಮಾಧಾನ ತರಲಿಲ್ಲ. ಪರದೆಯ ಮರೆಯಲ್ಲಿ ನಗು ತಡೆಯಲಾರದೆ ಸೆರಗು ಕಚ್ಚುತ್ತಿದ್ದಳು, ಬಚ್ಚಲಲ್ಲಿ ಅಳು ತಡೆಯಲಾರದೆ ಅದೇ ಸೆರಗು.

ಕೊನೆಗೆ ಮಾಲೀಕ ಬಂದ. "ಅಕ್ಕಾ, ಈ ನಾಟಕದಲ್ಲಿ ನಮ್ಮಪ್ಪ ಜನರನ್ನ ಅಳಿಸಿ ಅಳಿಸಿ ಹೆಸರು ಮಾಡಿದ್ದು. ಇವತ್ತು ನಾನೇ ಮುಂದಿನ ಸಾಲಲ್ಲಿ ಕೂತಿರ್ತೀನಿ. ಒಂದಕ್ಷರ ಆಚೀಚೆಯಾದ್ರೆ ನಾಳೆಯಿಂದ ಕಿರೀಟ ಬೇರೆ ತಲೆಗೆ."

ಬಣ್ಣದ ಕೋಣೆಯಲ್ಲಿ ಅವಳು ಗಂಡನ ಕೈ ಹಿಡಿದುಕೊಂಡಳು. "ರೀ, ಇವತ್ತೊಂದಿನ ಮಾತು ತಪ್ಪಬೇಡಿ."

ಅವನು ಮೀಸೆ ಅಂಟಿಸಿಕೊಳ್ಳುತ್ತಿದ್ದ. "ತಪ್ಪಲ್ಲ ಕಣೇ. ಮಾತು ಅಂದ್ರೆ ಮಾತು."

ಕೊನೆಯ ಅಂಕದವರೆಗೆ ಅವನದು ನೀರು ಹರಿದಂತೆ ಹರಿಯಿತು. ಬಟ್ಟಲು ಚಾಚಿದ. ನಿಂತ.

"ಕುಡಿ," ಎಂದಳು ಅವಳು. ಎರಡೇ ಅಕ್ಷರ, ಕೂಸಿಗೂ ಬರುವಂಥದ್ದು. ಅವನು ಹಿಡಿಯಲಿಲ್ಲ. ದನಿ ಏರಿಸಿದಳು, ಮುಂದಿನ ಸಾಲಿಗೆ ಕೇಳುವಷ್ಟು. ಅವನು ಕತ್ತು ಅವಳ ಕಡೆ ಕೊಂಚ ವಾಲಿಸಿ ಕಾದ. ಅವಳ ಕಣ್ಣು ತುಂಬಿತು. ಇನ್ನು ಮುಳುಗಿದವಳಿಗೆ ಚಳಿಯೇನು ಎಂದು ತನ್ನದನ್ನೇ ಕೊಟ್ಟಳು.

"ಇದರಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ ಕಣೇ," ಎಂದ ರಾಜ. "ಬಾ, ಚೆಲ್ಲಿಬಿಡೋಣ."

ಹಾಡಿಗೆಂದು ಉಸಿರು ತುಂಬಿಕೊಂಡಿದ್ದ ರಾಣಿ ಅದನ್ನು ಪುಸ್ಸೆಂದು ಬಿಟ್ಟು, ಬಟ್ಟಲನ್ನು ಪಕ್ಕದ ಕುಂಡಕ್ಕೆ ಸುರಿದಳು. ಕುಂಡದ ಗಿಡ ಕಾಗದದ್ದು. ನೀರು ಬಿದ್ದದ್ದೇ ಬಣ್ಣ ಬಿಟ್ಟು, ಮೆಲ್ಲಗೆ ಬಾಗಿ, ಸತ್ತಿತು. ಸಭೆ ಎದ್ದು ನಿಂತು ಕುಣಿಯಿತು.

ಮಾಲೀಕ ಓಡಿಬಂದ. ಅವಳು ಗಂಡನಿಗೆ ಅಡ್ಡ ನಿಂತಳು. ತಪ್ಪು ನಂದು, ಅವರಿಗೆ ನೆನಪು ನಿಲ್ಲಲ್ಲ, ನಾನೇ ಬಾಯಿಗೆ ಬಂದದ್ದು ಕೊಟ್ಟೆ ಎಂದಳು. ಮಾಲೀಕ ಕಣ್ಣೊರೆಸಿಕೊಂಡ. ಅದು ನಕ್ಕ ನೀರು. "ಜನ ನಾಳೆಗೂ ಇದೇ ಬೇಕಂತಿದ್ದಾರೆ. ಬೋರ್ಡಲ್ಲಿ ನಾಟಕ ಬರೆದವರು ಅಂತ ಯಾರ ಹೆಸರು ಹಾಕಿಸಲಿ? ಇವನಿಗಂತೂ ಅಸಲು ಕೊನೆ ಅಂಕ ಒಂದಕ್ಷರವೂ ನೆನಪಿಲ್ಲ."

ಗಂಡ ಕಿರೀಟ ತೆಗೆದು ಅವಳ ಸ್ಟೂಲಿನ ಮೇಲಿಟ್ಟ. ಆಮೇಲೆ ಹಳೆಯ ಕೊನೆಯ ಅಂಕವನ್ನು, ರಾಜನದು, ರಾಣಿಯದು, ಆ ಉದ್ದನೆಯ ಹಾಡೂ ಸೇರಿಸಿ, ಎಲ್ಲೂ ತಡವರಿಸದೆ ಒಪ್ಪಿಸಿದ. "ಅದು ಅಸಲು," ಎಂದ. "ಬೋರ್ಡಿಗೆ ಇವಳ ಹೆಸರು ಬರೆಸಿ."

ಅವನು ಒಂದು ಮಾತನ್ನೂ ಮರೆತಿರಲಿಲ್ಲ.