ಪಟಕ್ಕಿಟ್ಟ ಕುಂಕುಮ

ಬಾಗಿಲಿಗೆ ಬಣ್ಣ ಹೊಡೆಸುವಾಗ ಬರುವ ಟರ್ಪೆಂಟೈನ್ ವಾಸನೆಗೆ ಈಗಲೂ ನನಗೆ ಅರಕಲಗೂಡಿನ ನಮ್ಮ ಮನೆಯ ಜಗಲಿ ನೆನಪಾಗುತ್ತದೆ.

ಅವ್ವ ತೀರಿಕೊಂಡಾಗ ಅವಳದೊಂದು ಫೋಟೋ ಕೂಡ ಇರಲಿಲ್ಲ. ವರ್ಷದ ಮೇಲೆ ಅಪ್ಪ ಹಾಸನದಿಂದ ಚಿತ್ರ ಬರೆಯುವವರೊಬ್ಬರನ್ನು ಕರೆಸಿದರು. ಅಕ್ಕತಂಗಿಯರದು ಒಂದೇ ಅಚ್ಚು ಎಂದು ಅವ್ವನ ತಂಗಿಯನ್ನೇ, ನಮ್ಮ ಚಿಕ್ಕವ್ವನನ್ನು, ಜಗಲಿಯಲ್ಲಿ ಅವರೆದುರು ಕೂರಿಸಿದರು. ಚಿಕ್ಕವ್ವನ ಗಂಡ ಸತ್ತು, ಅವಳು ನಮ್ಮ ಮನೆ ಸೇರಿ ಆಗಲೇ ಬಹಳ ದಿನವಾಗಿತ್ತು.

ನಾಲ್ಕನೆಯ ಮಧ್ಯಾಹ್ನ ಪಟ ಮುಗಿಯಿತು. ಅವ್ವನ ಹಿಂದೆ ನೀಲಿ ಗುಡ್ಡ, ಕೆರೆ, ಕೆರೆಯಲ್ಲಿ ಎರಡು ಹಂಸ.

“ಇದ್ಯಾವೂರು ಸಾ?” ಎಂದರು ಅಪ್ಪ.

“ಸ್ವರ್ಗ ಅಂತ ತಿಳ್ಕೊಳ್ಳಿ.”

ನಮ್ಮಲ್ಲೇ ಇದ್ದ ಅವ್ವನ ತಾಯಿ ಹಂಸಗಳ ಕಡೆ ನೋಡಲೇ ಇಲ್ಲ. “ಸ್ವರ್ಗದಲ್ಲಿರೋಳ್ಗೆ ಬೋಳು ಹಣೆ ಯಾಕಪ್ಪಾ? ನನ್ ಮಗ್ಳು ಮುತ್ತೈದೆಯಾಗೇ ಹೋದೋಳು ಕಣಪ್ಪ” ಎಂದಳು.

ಪಾಪ, ಚಿತ್ರದವರು ಕಣ್ಣೆದುರು ಕಂಡದ್ದನ್ನಷ್ಟೇ ಬರೆದಿದ್ದರು. ಸಣ್ಣ ಕುಂಚ ಹಿಡಿದು ಹಣೆಗೆ ಕಾಸಿನಗಲ ಕುಂಕುಮ ಇಟ್ಟರು. ಮುಡಿಗೆ ಕನಕಾಂಬರ ಬಂತು, ಕೈಗೆ ಹಸಿರು ಬಳೆ. ಚಿಕ್ಕವ್ವ ಕೂತಲ್ಲಿಂದ ಎದ್ದು ಬಂದು ನಮ್ಮೆಲ್ಲರ ಹಿಂದೆ ನಿಂತು ನೋಡುತ್ತಿದ್ದಳು.

“ಅಜ್ಜಿ, ಇದು ಅವ್ವ ಅಲ್ಲ, ಚಿಕ್ಕವ್ವ” ಎಂದೆ ನಾನು.

“ಬಾಯ್ಮುಚ್ಚು!” ಎಂದು ಅಜ್ಜಿ ಗದರಿದಳು.

ಪಟ ನಡುಮನೆಯ ಗೋಡೆ ಸೇರಿತು. ಶುಕ್ರವಾರ ಅಜ್ಜಿ ಅದಕ್ಕೆ ಹೂ ಮುಡಿಸುತ್ತಿದ್ದಳು. ಧೂಳು ಒರೆಸುವ ಕೆಲಸವನ್ನು ಮಾತ್ರ ಚಿಕ್ಕವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ಒರೆಸುವಾಗ ನಡುಮನೆಯ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.