ಕೋಟೆಬಾಗಿಲ ಟಿಕೆಟ್

ಜನ ಬಿಟ್ಟುಹೋಗಿದ್ದ ಹಳೆಯ ಕಾಲದ ಆ ಊರನ್ನು ಸಾಹುಕಾರರೊಬ್ಬರು ಇಡಿಯಾಗಿ ಕೊಂಡು, ಕೋಟೆಬಾಗಿಲಲ್ಲಿ ಟಿಕೆಟ್ ಇಟ್ಟಿದ್ದರು.

"ಬೀದಿ ನೋಡೋಕೂ ದುಡ್ಡಾ? ಇದೇನು ನಿಮ್ಮಪ್ಪನ ಊರೇನ್ರೀ?" ಎಂದು ಒಬ್ಬರು ರೇಗಿದರು.

"ನಮ್ಮಪ್ಪಂದಲ್ಲ ಸ್ವಾಮಿ, ಸಾಹುಕಾರ್ರದ್ದು," ಎಂದು ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಗಿರಿಜೆ ನಗುತ್ತಲೇ ಅವರ ಹೆಸರು ಬರೆದುಕೊಂಡು ಟಿಕೆಟ್ ಕೊಟ್ಟಳು. ಕತ್ತಲಾಗುವ ಮುನ್ನ ಹೊರಗೆ ಬಾರದವರನ್ನು ಕಾವಲುಗಾರ ಆ ಪಟ್ಟಿ ಹಿಡಿದು ಬೀದಿ ಬೀದಿಯಲ್ಲಿ ಹೆಸರು ಕೂಗುತ್ತಾ ಹುಡುಕಿ ಕರೆತರುತ್ತಿದ್ದ.

ಸಾಲಿನ ಕೊನೆಗೆ ಚಂದ್ರಮತಮ್ಮ ನಿಂತಿದ್ದರು. ಪ್ರತಿ ಭಾನುವಾರ ಒಬ್ಬರೇ ಬಂದು, ಯಾವುದಾದರೂ ಜಗುಲಿಯ ಮೇಲೆ ಕೂತು, ಪಾಪ, ಹೊತ್ತು ಮುಳುಗಿದ್ದನ್ನೇ ಮರೆತುಬಿಡುತ್ತಿದ್ದರು. ಹೊಲಿಸಿ ಹೊಲಿಸಿ ಸವೆದ ಅವರ ಚಪ್ಪಲಿ ಕಂಡು ಗಿರಿಜೆ ಪೆನ್ನು ಕೆಳಗಿಟ್ಟಳು.

"ಇನ್ಮೇಲೆ ನಿಮಗೆ ದುಡ್ಡು ಬೇಡಮ್ಮ. ಹೆಸರೂ ಬರೆಯಲ್ಲ, ಟಿಕೆಟ್ಟೂ ಇಲ್ಲ. ಹಾಗೇ ಹೋಗಿ ಬನ್ನಿ."

ಚಂದ್ರಮತಮ್ಮನ ಮುಖ ಬಾಡಿತು.

"ಬೇಡ ಕಣಮ್ಮ, ಟಿಕೆಟ್ಟೇ ಕೊಡು."

"ಯಾಕಮ್ಮ? ಅಷ್ಟಕ್ಕೆ ಸಾಹುಕಾರ್ರೇನೂ ಬಡವರಾಗಲ್ಲ ಬಿಡಿ."

ಅವರು ಕೈಚೀಲದಿಂದ ದುಡ್ಡು ತೆಗೆದು ಕಿಟಕಿಯೊಳಗೆ ತಳ್ಳಿದರು.

"ಟಿಕೆಟ್ಟಿಲ್ಲದಿದ್ರೆ, ಸಂಜೆ ನನ್ನ ಹೆಸರು ಹಿಡಿದು ಕೂಗೋರು ಬೇರೆ ಯಾರಿದ್ದಾರಮ್ಮ?"